ನಮ್ಮ ಟ್ರ್ಯಾಕ್ ಮಣ್ಣಿನಿಂದ ಸಿಂಥೆಟಿಕ್‌ಗೆ: ಕುದುರೆ ಮಾಲೀಕರಿಗೂ ಟ್ರೈನರ್‌ಗಳಿಗೂ ಒಂದು ಪತ್ರ

ಮಾನ್ಯರೇ,

ಮುಂದಿನ ತಿಂಗಳ ಮೊದಲ ಸೋಮವಾರದಿಂದ ನಮ್ಮ ತರಬೇತಿ ಟ್ರ್ಯಾಕ್ ಆರು ವಾರ ಮುಚ್ಚಿರುತ್ತದೆ. ಈಗಿರುವ ಮಣ್ಣನ್ನು ತೆಗೆದು ಸಿಂಥೆಟಿಕ್, ಅಂದರೆ ಮೇಣ ಲೇಪಿಸಿದ ಮರಳು ಮತ್ತು ನಾರಿನ ಮಿಶ್ರಣ, ಹಾಸುತ್ತಿದ್ದೇವೆ. ಈ ನಿರ್ಧಾರಕ್ಕೆ ಬರಲು ಸಂಘಕ್ಕೆ ಮೂರು ಸಭೆ ಬೇಕಾಯಿತು. ನಿಮ್ಮಲ್ಲಿ ಕೆಲವರು ಲಾಯದ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ ಕೇಳಿದ್ದೀರಿ: 'ಕ್ಯಾಲಿಫೋರ್ನಿಯಾದವರು ಹಾಕಿ ಕಿತ್ತದ್ದನ್ನು ನಾವ್ಯಾಕೆ ಹಾಕಬೇಕು?' ನ್ಯಾಯವಾದ ಪ್ರಶ್ನೆ. ಅದಕ್ಕೇ ಮೊದಲು ಉತ್ತರ ಕೊಡುತ್ತೇನೆ.

2006ರಲ್ಲಿ ಕ್ಯಾಲಿಫೋರ್ನಿಯಾದ ರೇಸಿಂಗ್ ಮಂಡಳಿ ಒಂದು ಆದೇಶ ಹೊರಡಿಸಿತು. 2007 ಮುಗಿಯುವುದರೊಳಗೆ ದೊಡ್ಡ ಟ್ರ್ಯಾಕ್‌ಗಳೆಲ್ಲ ಸಿಂಥೆಟಿಕ್ ಆಗಬೇಕು ಎಂದಿತು. ಹಾಲಿವುಡ್ ಪಾರ್ಕ್, ಡೆಲ್ ಮಾರ್, ಸಾಂಟಾ ಅನಿಟಾ, ಗೋಲ್ಡನ್ ಗೇಟ್ ಫೀಲ್ಡ್ಸ್ ಎಲ್ಲವೂ ಅವಸರದಲ್ಲೇ ಹಾಕಿಸಿಕೊಂಡವು. 2008ರ ಆರಂಭದ ಮಳೆಗೆ ಸಾಂಟಾ ಅನಿಟಾದಲ್ಲಿ ನೀರು ಕೆಳಗೆ ಇಳಿಯಲೇ ಇಲ್ಲ. ರೇಸ್ ದಿನಗಳು ರದ್ದಾದವು. ಅದೇ ವರ್ಷ ಬೇರೆ ಕಂಪನಿಯ ಹಾಸು ತಂದರು. 2010ರ ಕೊನೆಗೆ ಮತ್ತೆ ಮಣ್ಣಿಗೇ ಮರಳಿದರು. ಕೆಂಟಕಿಯ ಕೀನ್‌ಲ್ಯಾಂಡ್ ಟ್ರ್ಯಾಕ್ 2014ರಲ್ಲಿ ಮರಳಿತು, ಡೆಲ್ ಮಾರ್ 2015ರಲ್ಲಿ. ದುಬೈನ ಮೇದಾನ್ ಕೂಡ 2010ರಲ್ಲಿ ಟಪೀಟಾ ಎಂಬ ಸಿಂಥೆಟಿಕ್ ಹಾಸು ಹಾಕಿ, 2015ರ ದುಬೈ ವಿಶ್ವಕಪ್ ರೇಸಿನ ಹೊತ್ತಿಗೆ ಮಣ್ಣಿಗೆ ಬಂತು.

ಇಷ್ಟನ್ನೇ ಓದಿದರೆ ಸಿಂಥೆಟಿಕ್ ಸೋತಿತು ಅನ್ನಿಸುತ್ತದೆ, ಅಲ್ವಾ? ಆದರೆ ಕಿತ್ತದ್ದು ಯಾಕೆ ಅಂತ ನೋಡಬೇಕು. ನೀರು ಇಂಗದ ತೊಂದರೆ ನಿಜ. ಬಿಸಿಲಿಗೆ ಮೇಣ ಮೆತ್ತಗಾಗಿ, ಬೆಳಗ್ಗೆ ಒಂದು ತರಹ ಮಧ್ಯಾಹ್ನ ಒಂದು ತರಹ ಆಗುತ್ತಿದ್ದದ್ದೂ ನಿಜ. ಆದರೆ ದೊಡ್ಡ ತಕರಾರು ಫಲಿತಾಂಶದ ಬಗ್ಗೆ ಇತ್ತು. ಅಮೆರಿಕದ ದೊಡ್ಡ ರೇಸುಗಳಲ್ಲೊಂದಾದ ಬ್ರೀಡರ್ಸ್ ಕಪ್ ಕ್ಲಾಸಿಕ್ 2008ರಲ್ಲಿ ಹೇಗೆ ನಡೆಯಿತು ನೆನಪಿಸಿಕೊಳ್ಳಿ. ಹಿಂದಿನ ವರ್ಷ ಮಣ್ಣಿನಲ್ಲಿ ಗೆದ್ದಿದ್ದ ಕರ್ಲಿನ್ ಎಂಬ ಕುದುರೆ ಸಾಂಟಾ ಅನಿಟಾದ ಸಿಂಥೆಟಿಕ್ ಮೇಲೆ ನಾಲ್ಕನೆಯದಾಯಿತು. ಯುರೋಪಿನಿಂದ ಬಂದ ರೇವನ್ಸ್ ಪಾಸ್ ಗೆದ್ದಿತು. ಅಮೆರಿಕದ ತಳಿಗಾರಿಕೆ ನಿಂತಿರುವುದೇ ಮಣ್ಣಿನ ವೇಗದ ಮೇಲೆ. ಅಲ್ಲಿನ ಅತಿ ಹೆಸರಾದ ರೇಸ್ ಕೆಂಟಕಿ ಡರ್ಬಿ ನಡೆಯುವುದು ಮಣ್ಣಿನ ಮೇಲೆ. ಹಾಗಾಗಿ ಮಾಲೀಕರು, ತಳಿಗಾರರು, ಬಾಜಿ ಕಟ್ಟುವವರು ಎಲ್ಲರೂ ಬೇಸರಗೊಂಡರು. ಅವರ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಆ ಮಾತಿಗೂ ಕುದುರೆಯ ಕಾಲಿಗೂ ಸಂಬಂಧ ಕಡಿಮೆ.

ಕಾಲಿನ ಲೆಕ್ಕ ಬೇರೆ ಇದೆ. ಉತ್ತರ ಅಮೆರಿಕದಲ್ಲಿ ಜಾಕಿ ಕ್ಲಬ್ ಸಂಸ್ಥೆ ರೇಸಿನಲ್ಲಿ ಪೆಟ್ಟಾಗಿ ಸಾಯುವ ಕುದುರೆಗಳ ಅಂಕಿಅಂಶ ಇಡುತ್ತದೆ. 2009ರಲ್ಲಿ ಎಲ್ಲ ನೆಲಗಳೂ ಸೇರಿ, ಸಾವಿರ ಓಟಕ್ಕೆ 2.00 ಸಾವು ಇತ್ತು. ಇಲ್ಲಿ ಒಂದು ರೇಸಿನಲ್ಲಿ ಒಂದು ಕುದುರೆ ಓಡಿದರೆ ಒಂದು ಓಟ. 2023ರಲ್ಲಿ ಮಣ್ಣಿನ ಮೇಲೆ 1.43, ಸಿಂಥೆಟಿಕ್ ಮೇಲೆ 0.97. ಇದನ್ನು ಎಚ್ಚರದಿಂದ ಓದಬೇಕು. ಹಿಂದಿನ ವರ್ಷ, 2022ರಲ್ಲಿ, ಸಿಂಥೆಟಿಕ್ ಅಂಕಿ 0.41 ಇತ್ತು. ಒಂದೇ ವರ್ಷಕ್ಕೆ ದುಪ್ಪಟ್ಟಿಗಿಂತ ಜಾಸ್ತಿ ಆಯಿತು. ಅಲ್ಲಿ ಓಟಗಳೇ ಕಡಿಮೆ, ಹಾಗಾಗಿ ನಾಲ್ಕಾರು ಸಾವಿಗೇ ಅಂಕಿ ಏರುಪೇರಾಗುತ್ತದೆ. ಮಣ್ಣಿನ ಟ್ರ್ಯಾಕ್‌ಗಳೂ ಸುಮ್ನೆ ಕೂತಿಲ್ಲ. ಪಶುವೈದ್ಯರ ತಪಾಸಣೆ, ಔಷಧಿ ನಿಯಮ, ನೆಲದ ಪರೀಕ್ಷೆ ಎಲ್ಲ ಬಿಗಿಯಾಗಿ ಅಲ್ಲಿಯೂ ಸಾವು ಇಳಿದಿದೆ. ಒಟ್ಟಾರೆ ನೋಡಿದರೆ ಸಿಂಥೆಟಿಕ್ ಅಂಕಿ ಮಣ್ಣಿಗಿಂತ ಕೆಳಗೇ ಇದೆ.

ಈ ಅಂಕಿಗಳೆಲ್ಲ ರೇಸಿನವು. ನಮ್ಮ ಕೆಲಸ ಇರುವುದು ಬೆಳಗಿನ ಹೊತ್ತಿನಲ್ಲಿ. ಕುದುರೆ ರೇಸ್ ಓಡುವುದು ಯಾವಾಗಲೋ ಒಮ್ಮೆ, ತಾಲೀಮು ಮಾತ್ರ ಹೆಚ್ಚುಕಡಿಮೆ ದಿನಾ. ಮೂಳೆ ಒಂದೇ ಏಟಿಗೆ ಮುರಿಯುವುದು ಅಪರೂಪ. ಸಣ್ಣ ಸಣ್ಣ ಬಿರುಕು ಕೂಡುತ್ತಾ ಹೋಗಿ ಒಂದು ದಿನ ಕೈಕೊಡುತ್ತದೆ. ಕಾಲು ಒಂದು ನೆಲಕ್ಕೆ ಒಗ್ಗಿಕೊಳ್ಳುತ್ತದೆ. ಆ ನೆಲ ಇವತ್ತು ಹೀಗೆ, ನಾಳೆ ಹಾಗೆ ಆದರೆ ಅದಕ್ಕೆ ಕಷ್ಟ.

ಮಣ್ಣಿನ ಟ್ರ್ಯಾಕ್ ಅಂದರೆ ಮರಳು, ಗೋಡು, ಜೇಡಿ. ಈ ಮೂರನ್ನೂ ಹಿಡಿದಿಡುವುದು ನೀರು. ನೀರು ಕಡಿಮೆಯಾದರೆ ಸಡಿಲ, ಜಾಸ್ತಿಯಾದರೆ ಕೆಸರು. ಮಳೆ ಬಂದರೆ ಇಳಿಜಾರಿನಲ್ಲಿ ಜೇಡಿಯೆಲ್ಲ ತೊಳೆದು ಒಳಬೇಲಿಯ ಕಡೆ ಸೇರುತ್ತದೆ. ಆಗ ಬೇಲಿ ಪಕ್ಕ ಒಂದು ನೆಲ, ನಡುವೆ ಇನ್ನೊಂದು ನೆಲ. ಮಳೆಗೆ ಮುಂಚೆ ರೋಲರ್ ಹೊಡೆದು ಮೇಲ್ಮೈ ಮುಚ್ಚುತ್ತೇವೆ, ನೀರು ಹರಿದುಹೋಗಲಿ ಅಂತ. ಹಾಗೆ ಮಾಡಿದಾಗ ಕೆಳಗಿನ ಪದರ ಕಲ್ಲಿನಂತಾಗುತ್ತದೆ. ಆಮೇಲೆ ಎಷ್ಟು ಹರಗಿದರೂ ಮೊದಲಿನ ಹದ ಬರಲು ದಿನಗಳೇ ಬೇಕು. 2019ರ ಚಳಿಗಾಲದಲ್ಲಿ ಸಾಂಟಾ ಅನಿಟಾದಲ್ಲಿ ಕುದುರೆಗಳು ಒಂದರ ಹಿಂದೊಂದು ಸತ್ತು ಮಾರ್ಚ್‌ನಲ್ಲಿ ರೇಸ್ ನಿಲ್ಲಿಸಿದ್ದು ನಿಮಗೆಲ್ಲ ಗೊತ್ತು. ಕಾರಣ ಒಂದೇ ಅಲ್ಲ. ಆದರೆ ಆ ಚರ್ಚೆಯಲ್ಲಿ ಮಳೆ ಮತ್ತು ಮುಚ್ಚಿದ ನೆಲದ ಮಾತು ಮತ್ತೆ ಮತ್ತೆ ಬಂತು.

ನಮ್ಮಲ್ಲೂ ಆಗಿದೆ. ಎರಡು ದಿನದ ಮಳೆ ನಿಂತ ಮೇಲೆ ಟ್ರ್ಯಾಕ್ ತೆರೆಯಬಹುದು ಎಂದು ಹೇಳಿದವನು ನಾನೇ. ಆ ಬೆಳಗ್ಗೆ ಎರಡು ವರ್ಷದ ಹೆಣ್ಣು ಕುದುರೆಯೊಂದು ತಿರುವಿನಲ್ಲಿ ಕಾಲೆತ್ತಿ ನಿಂತುಬಿಟ್ಟಿತು. ಮುಂಗಾಲಿನ ಮೂಳೆ ಬಿರಿದಿತ್ತು. ಅದು ಬದುಕಿದೆ, ಇನ್ನು ಓಡುವುದಿಲ್ಲ. ಅದರ ಮಾಲೀಕರು ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಸಭೆಯಲ್ಲಿ ನಾನು ಹಟ ಹಿಡಿದದ್ದು ಆ ಬೆಳಗಿನ ಕಾರಣಕ್ಕೆ.

ಹೊಸ ಹಾಸಿನಲ್ಲಿ ಮೇಣ ಲೇಪಿಸಿದ ಮರಳು, ನಾರು ಮತ್ತು ರಬ್ಬರ್ ಚೂರು ಇರುತ್ತವೆ. ಅದರ ಕೆಳಗೆ ನೀರು ಇಳಿಯುವ ಡಾಂಬರು, ಜಲ್ಲಿ, ಕೊಳವೆ. ಮಳೆ ನೀರು ಪಕ್ಕಕ್ಕೆ ಹರಿಯದೆ ನೇರ ಕೆಳಕ್ಕೆ ಹೋಗುತ್ತದೆ. ಮೆತ್ತಗಿರುತ್ತದೆ ಅಂತ ಇದನ್ನು ಆರಿಸಲಿಲ್ಲ. ನಿನ್ನೆ ಇದ್ದ ಹಾಗೆ ಇವತ್ತೂ ಇರುತ್ತದೆ ಅಂತ ಆರಿಸಿದೆವು. ಕೆನಡಾದ ವುಡ್‌ಬೈನ್ 2006ರಿಂದ ಸಿಂಥೆಟಿಕ್ ಬಿಟ್ಟಿಲ್ಲ, ಕೆಂಟಕಿಯ ಟರ್ಫ್‌ವೇ ಪಾರ್ಕ್ 2005ರಿಂದ. ಎರಡೂ ಚಳಿ ಊರಿನ ಟ್ರ್ಯಾಕ್‌ಗಳು. ಹಳೆಯದು ಸವೆದಾಗ ಎರಡೂ ಟಪೀಟಾ ಹಾಕಿಸಿಕೊಂಡವು, ಮಣ್ಣಿಗೆ ಮರಳಲಿಲ್ಲ.

ನಿರ್ವಹಣೆ ಕಡಿಮೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದಿನಾ ಹರಗಬೇಕು. ಲದ್ದಿ ಬಿದ್ದ ಕೂಡಲೇ ಎತ್ತಬೇಕು, ಇಲ್ಲದಿದ್ದರೆ ಹಾಸಿನಲ್ಲಿ ಬೆರೆತು ಕೆಡಿಸುತ್ತದೆ. ವರ್ಷ ಕಳೆದಂತೆ ಮೇಣ ಒಣಗುತ್ತದೆ, ಮತ್ತೆ ಹಾಕಿಸಬೇಕು. ನಾರು, ರಬ್ಬರ್ ಹೊಲಕ್ಕೆ ಹಾರುವ ಬಗ್ಗೆ ಇಬ್ಬರು ಕೇಳಿದ್ದೀರಿ. ಅಂಚಿಗೆ ತಡೆ ಕಟ್ಟುತ್ತಿದ್ದೇವೆ. ಸವೆದ ಹಾಸನ್ನು ಪೂರೈಸಿದವರೇ ವಾಪಸ್ ಒಯ್ಯಬೇಕು ಎಂದು ಕರಾರಿನಲ್ಲಿ ಬರೆಸಿದ್ದೇವೆ.

ಇನ್ನು ನಿಮ್ಮಿಂದ ಬೇಕಾದದ್ದು. ಮೊದಲನೆಯದು ಲಾಳ. ಮುಂತುದಿಯಲ್ಲಿ ಎತ್ತರದ ಹಲ್ಲಿರುವ ಲಾಳಕ್ಕೆ ಹೊಸ ಟ್ರ್ಯಾಕ್‌ನಲ್ಲಿ ಪ್ರವೇಶವಿಲ್ಲ. ಮಣ್ಣಿನಲ್ಲಿ ಗೊರಸು ಊರಿದ ಮೇಲೆ ಚೂರು ಜಾರುತ್ತದೆ, ಆ ಜಾರಿಕೆ ಕಾಲಿನ ಮೇಲಿನ ಭಾರ ತಗ್ಗಿಸುತ್ತದೆ. ಸಿಂಥೆಟಿಕ್‌ನಲ್ಲಿ ಗೊರಸು ಬೇಗ ನಿಲ್ಲುತ್ತದೆ. ಅದರ ಮೇಲೆ ಹಲ್ಲೂ ಇದ್ದರೆ ಕಾಲಿಗೆ ಎಳೆತ ಜಾಸ್ತಿ.

ಎರಡನೆಯದು ತಾಳ್ಮೆ. ಮೊದಲ ಎರಡು ವಾರ ದುಡುಕಿ ಓಡಿಸಬೇಡಿ. ಹಿಂಗಾಲು, ಸೊಂಟದ ನೋವು ಹೊಸದಾಗಿ ಕಾಣುತ್ತದೆ ಎಂದು ಸಿಂಥೆಟಿಕ್‌ನಲ್ಲಿ ಕೆಲಸ ಮಾಡಿದ ಹಲವು ಟ್ರೈನರ್‌ಗಳು ಹೇಳುತ್ತಾರೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಲಾಯಕ್ಕೆ ಮರಳಿದ ಮೇಲೆ ಕೈಯಾಡಿಸಿ ನೋಡಿ. ಕುದುರೆ ಸಲೀಸಾಗಿ ಓಡುತ್ತಿದೆ ಅಂತ ಒಂದು ಸುತ್ತು ಜಾಸ್ತಿ ಹಾಕುವುದೂ ಬೇಡ. ಹಳೆಯ ಸಮಯಕ್ಕೂ ಹೊಸ ಸಮಯಕ್ಕೂ ಹೋಲಿಕೆ ಬೇಡ.

ಮಣ್ಣಿನ ರೇಸಿಗೆ ಹೋಗುವ ಕುದುರೆಗಳ ಚಿಂತೆ ನಮಗೂ ಇದೆ. ಮುಂದಿನ ಕುದುರೆ ಎರಚುವ ಮಣ್ಣು ಮುಖಕ್ಕೆ ಬಡಿಯುವ ಅಭ್ಯಾಸ ಸಿಂಥೆಟಿಕ್‌ನಲ್ಲಿ ಅಷ್ಟಾಗಿ ಆಗುವುದಿಲ್ಲ. ಅಭ್ಯಾಸವಿಲ್ಲದ ಕುದುರೆ ರೇಸಿನಲ್ಲಿ ತಲೆ ಎತ್ತಿಬಿಡುತ್ತದೆ. ಅದಕ್ಕೆ ಹಿಂಭಾಗದಲ್ಲಿರುವ ನೇರ ಓಟದ ಪಟ್ಟಿಯನ್ನು ಮಣ್ಣಾಗಿಯೇ ಉಳಿಸಿಕೊಂಡಿದ್ದೇವೆ. ಮಂಗಳವಾರ, ಗುರುವಾರ, ಶನಿವಾರ ಅದು ತೆರೆದಿರುತ್ತದೆ. ಮಳೆ ಬಂದ ಮರುದಿನ ಮಾತ್ರ ಯಾರು ಕೇಳಿದರೂ ತೆರೆಯುವುದಿಲ್ಲ.

ಕೆಲಸ ನಡೆಯುವ ಆರು ವಾರವೂ ಆ ಪಟ್ಟಿಯಲ್ಲಿ ನಿಧಾನ ತಾಲೀಮಿಗೆ ಅವಕಾಶವಿದೆ. ಆ ಅವಧಿಗೆ ಟ್ರ್ಯಾಕ್ ಶುಲ್ಕ ಇಲ್ಲ, ಲಾಯದ ಬಾಡಿಗೆ ಮಾತ್ರ. ಈ ವರ್ಷ ಶುಲ್ಕ ಏರಿಸುವುದಿಲ್ಲ. ಬಿಸಿಲಿನ ತಿಂಗಳುಗಳಲ್ಲಿ ಹೊಸ ಟ್ರ್ಯಾಕ್ ಬೆಳಗ್ಗೆ ಮಾತ್ರ ತೆರೆದಿರುತ್ತದೆ. ನೆಲದ ಗಟ್ಟಿತನ, ತೇವ ಮತ್ತು ಬಿಸಿಯನ್ನು ದಿನಾ ಅಳೆದು ಗೇಟಿನ ಹಲಗೆಯ ಮೇಲೆ ಬರೆಯುತ್ತೇವೆ. ಅಂಕಿ ಸರಿ ಕಾಣದಿದ್ದರೆ ಕುದುರೆಯನ್ನು ಒಳಗೆ ತರಬೇಡಿ, ನನ್ನನ್ನು ಕರೆಯಿರಿ.

ತೆರೆಯುವ ಹಿಂದಿನ ದಿನ ಬೆಳಗ್ಗೆ ಆರಕ್ಕೆ ಎಲ್ಲರೂ ಬನ್ನಿ. ಕುದುರೆ ಬಿಡುವ ಮುಂಚೆ ನಾವೇ ಒಂದು ಸುತ್ತು ನಡೆದು ನೋಡೋಣ. ಬೂಟಿನ ಹಿಮ್ಮಡಿ ಊರಿ ಪರೀಕ್ಷಿಸಿ, ಅನುಮಾನ ಬಂದ ಜಾಗ ತೋರಿಸಿ. ಹರಗುವ ಗಾಡಿ ಅಲ್ಲೇ ಪಕ್ಕದಲ್ಲಿ ಇರುತ್ತದೆ.

ನಿಮ್ಮ,
ಟ್ರ್ಯಾಕ್ ಉಸ್ತುವಾರಿ, ಸಂಘದ ಎಲ್ಲ ಸದಸ್ಯರ ಪರವಾಗಿ