ನಾಯಿಯ ಬಾಲದ ಬಗ್ಗೆ ಎಷ್ಟು ದಿನ ಬರೀತೀಯ?

ಪ್ರಿಯ ಗೆಳೆಯ,

ನಿನ್ನ ಲೇಖನ ಬಂದು ಎರಡು ವಾರ ಆಯಿತು. ಉತ್ತರ ತಡವಾಯಿತು ಅಂತ ಬೇಜಾರಾಗಬೇಡ, ಬೇಕಂತಲೇ ತಡ ಮಾಡಿದೆ. ಆ ನಾಯಕರು ವೇದಿಕೆ ಮೇಲೆ ಆಡಿದ ಒರಟು ಮಾತಿನ ಬಗ್ಗೆ ನೀನು ಬರೆದದ್ದು ಖಾರವಾಗಿತ್ತು, ಓದಿಸಿಕೊಂಡು ಹೋಯಿತು. ಎರಡು ವಾರ ಬಿಟ್ಟು ಓದಿದರೆ ಹೇಗಿರುತ್ತೆ ಅಂತ ನೋಡಬೇಕಿತ್ತು ನನಗೆ. ಈಗ ಅದು ಯಾರಿಗೂ ಬೇಡ. ಆ ಮಾತು ಹಳಸಿತು, ಅದಕ್ಕೆ ಎಲ್ಲರೂ ಕೊಟ್ಟ ಉತ್ತರಗಳೂ ಹಳಸಿದವು. ಆದರೆ ಅದರ ಹಿಂದಿನ ದಿನ ಪತ್ರಕರ್ತರು ಅದೇ ನಾಯಕರಿಗೆ ಹಣದ ಬಗ್ಗೆ ಒಂದು ಪ್ರಶ್ನೆ ಕೇಳಿದ್ದರಲ್ಲ, ಅದಕ್ಕೆ ಇವತ್ತಿಗೂ ಉತ್ತರ ಬಂದಿಲ್ಲ. ನಿನ್ನ ಲೇಖನದಲ್ಲಿ ಆ ಪ್ರಶ್ನೆಗೆ ಒಂದು ಸಾಲೂ ಇಲ್ಲ.

ಬೈಯುತ್ತಿಲ್ಲ. ಈ ಗುಂಡಿಗೆ ಬಿದ್ದು ಎದ್ದವನು ನಾನು, ಅದೂ ಒಂದೇ ಸಲ ಅಲ್ಲ. ಮೊದಲು ಒಂದು ಹಳೇ ಕಥೆ ಹೇಳ್ತೀನಿ.

ಪ್ರಾಚೀನ ಅಥೆನ್ಸ್‌ನಲ್ಲಿ ಆಲ್ಸಿಬಿಯಾಡಿಸ್ ಅಂತ ಒಬ್ಬ ರಾಜಕಾರಣಿ ಇದ್ದ. ರೂಪವಂತ, ಮಾತುಗಾರ, ನಂಬಿದವರು ಕೆಟ್ಟರು ಅನ್ನುವಂಥ ಆಸಾಮಿ. ಅವನ ಹತ್ತಿರ 70 ಮಿನಾ (ಆ ಕಾಲದ ಗ್ರೀಕ್ ಹಣ) ಕೊಟ್ಟು ಕೊಂಡ ದುಬಾರಿ ನಾಯಿ ಇತ್ತಂತೆ, ಬಾಲವೇ ಅದರ ಚೆಂದ. ಒಂದು ದಿನ ಆ ಬಾಲವನ್ನು ಕತ್ತರಿಸಿ ಹಾಕಿದ. ಊರೆಲ್ಲ ಛೀ ಥೂ ಅಂತು. ಗೆಳೆಯರು ಬಂದು, ಏನಯ್ಯಾ ಇದು, ಎಲ್ಲರೂ ನಿನ್ನನ್ನೇ ಬೈಯುತ್ತಿದ್ದಾರೆ ಅಂದರೆ ಇವನು ನಕ್ಕನಂತೆ. ನನಗೆ ಬೇಕಾದದ್ದೂ ಅದೇ, ಜನ ಇದನ್ನೇ ಮಾತಾಡುತ್ತಾ ಇದ್ದರೆ ನನ್ನ ಬಗ್ಗೆ ಇದಕ್ಕಿಂತ ಕೆಟ್ಟದ್ದು ಮಾತಾಡುವುದಿಲ್ಲ ಅಂದ. ಸುಮಾರು 2,400 ವರ್ಷ ಹಿಂದಿನ ಮನುಷ್ಯ! ಇದರಲ್ಲಿ ನನ್ನನ್ನು ಕಾಡುವುದು ಏನು ಗೊತ್ತಾ? ಅವನು ಹೊಗಳಿಸಿಕೊಳ್ಳಲು ಹೋಗಲಿಲ್ಲ. ಯಾವ ಬೈಗುಳ ತನಗೆ ಅಗ್ಗ ಅಂತ ಲೆಕ್ಕ ಹಾಕಿ, ಅದನ್ನೇ ಕೊಂಡುಕೊಂಡ.

ನಾಯಕನನ್ನು ಬೈದರೆ ಅವನಿಗೆ ನಷ್ಟ ಅಂತ ನಾವು ಬರೆಯುವವರು ಅಂದುಕೊಂಡಿರುತ್ತೇವೆ. ಎಷ್ಟೋ ಸಲ ಅದು ಅವನು ಮೊದಲೇ ತೆಗೆದಿಟ್ಟ ಖರ್ಚು. ಬ್ರಿಟನ್ನಿನ ಬೋರಿಸ್ ಜಾನ್ಸನ್ ಪ್ರಧಾನಿ ಆಗುವುದಕ್ಕೆ ಎಷ್ಟೋ ಮೊದಲು, 2013ರಲ್ಲಿ, ಪತ್ರಿಕೆಯ ಅಂಕಣವೊಂದರಲ್ಲಿ ಇದನ್ನು ಬಾಯಿಬಿಟ್ಟೇ ಬರೆದಿದ್ದರು. ವಾದದಲ್ಲಿ ಸೋಲುತ್ತಿದ್ದರೆ ಊಟದ ಮೇಜಿನ ಮೇಲೆ ಒಂದು ಸತ್ತ ಬೆಕ್ಕನ್ನು ಎಸೆಯಬೇಕಂತೆ. ಜನ ಅಸಹ್ಯ ಪಡುತ್ತಾರೆ, ಸಿಟ್ಟಾಗುತ್ತಾರೆ, ಆದರೆ ಬೆಕ್ಕಿನ ಬಗ್ಗೆಯೇ ಮಾತಾಡುತ್ತಾರೆ, ನಿಮಗೆ ಕಷ್ಟ ಕೊಡುತ್ತಿದ್ದ ವಿಷಯ ಅಲ್ಲಿಗೆ ಬಿಟ್ಟುಹೋಗುತ್ತೆ. ಇದು ಆಸ್ಟ್ರೇಲಿಯಾದ ಗೆಳೆಯನೊಬ್ಬ ಹೇಳಿಕೊಟ್ಟದ್ದು ಅಂತಲೂ ಸೇರಿಸಿದ್ದರು. (ಅಥೆನ್ಸ್‌ನಲ್ಲಿ ನಾಯಿ, ಲಂಡನ್ನಿನಲ್ಲಿ ಬೆಕ್ಕು. ಪಾಪ, ಯಾವಾಗಲೂ ಮೂಕ ಪ್ರಾಣಿಗಳೇ.)

ಗದ್ದಲ ತಾನೇ ಎಬ್ಬಿಸಬೇಕು ಅಂತೇನೂ ಇಲ್ಲ, ಬೇರೆಯವರ ಗದ್ದಲದ ಮರೆಯಲ್ಲೂ ನುಸುಳಬಹುದು. 1994ರ ಜುಲೈ 13ರಂದು ಫುಟ್‌ಬಾಲ್ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಟಲಿ ಬಲ್ಗೇರಿಯಾವನ್ನು 2-1ರಿಂದ ಸೋಲಿಸಿತು. ಎರಡೂ ಗೋಲು ರಾಬರ್ಟೊ ಬಾಜಿಯೊದು, ಇಟಲಿಗೆ ಇಟಲಿಯೇ ಟಿವಿ ಮುಂದೆ. ಆ ಕಾಲಕ್ಕೆ ಅಲ್ಲಿ ಭ್ರಷ್ಟಾಚಾರದ ದೊಡ್ಡ ತನಿಖೆ ನಡೆಯುತ್ತಿತ್ತು. ಅದೇ ದಿನ ಬರ್ಲುಸ್ಕೋನಿ ಸರ್ಕಾರ ಒಂದು ಸುಗ್ರೀವಾಜ್ಞೆ ಹೊರಡಿಸಿತು, ಲಂಚದಂಥ ಪ್ರಕರಣದ ಆರೋಪಿಗಳನ್ನು ವಿಚಾರಣೆಗೆ ಮೊದಲು ಜೈಲಿನಲ್ಲಿ ಇಡುವಂತಿಲ್ಲ ಅಂತ. ಜನ ಅದನ್ನು ಕಳ್ಳರನ್ನು ಕಾಪಾಡುವ ಕಾನೂನು ಅಂತ ಕರೆದರು. ತನಿಖೆ ನಡೆಸುತ್ತಿದ್ದ ಮಿಲಾನ್ ಅಭಿಯೋಜಕರು ಟಿವಿಯಲ್ಲಿ ಬಂದು, ನಮ್ಮನ್ನು ಈ ಕೆಲಸದಿಂದ ಬಿಡಿಸಿ ಅಂದರು. ಗಲಾಟೆ ಜೋರಾಗಿ, ಸುಮಾರು ಒಂದು ವಾರದಲ್ಲಿ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ಪಂದ್ಯದ ದಿನವೂ ಯಾರೋ ಒಬ್ಬರು ಸರ್ಕಾರಿ ಕಾಗದ ಓದುತ್ತಾ ಕೂತಿದ್ದರು ಅಂದುಕೊಳ್ಳಲು ನನಗೆ ಇಷ್ಟ.

2001ರ ಸೆಪ್ಟೆಂಬರ್ 11ರಂದು, ವಿಮಾನಗಳು ಗೋಪುರಗಳಿಗೆ ಬಡಿದ ಸ್ವಲ್ಪ ಹೊತ್ತಿಗೇ, ಬ್ರಿಟಿಷ್ ಸಚಿವರೊಬ್ಬರ ಸಲಹೆಗಾರ್ತಿ ಇಮೇಲ್ ಕಳಿಸಿದ್ದರು: ಮುಚ್ಚಿಹಾಕಬೇಕಾದ ಸುದ್ದಿ ಏನಾದರೂ ಇದ್ದರೆ ಹೊರಗೆ ಬಿಡಲು ಇವತ್ತು ಒಳ್ಳೆ ದಿನ ಅಂತ. ಅದಕ್ಕೆ ನಾನು ಏನೂ ಸೇರಿಸುವುದಿಲ್ಲ.

ಇನ್ನು ಅತ್ಯಂತ ದುಬಾರಿ ಗದ್ದಲ, ಯುದ್ಧ. 1982ರ ಮಾರ್ಚ್ 30ರಂದು ಅರ್ಜೆಂಟೀನಾದ ರಾಜಧಾನಿಯ ಮೇಯೊ ಚೌಕದ ಕಡೆಗೆ ಕಾರ್ಮಿಕರು ಮೆರವಣಿಗೆ ಹೊರಟಿದ್ದರು, ಸೇನಾ ಸರ್ಕಾರದ ವಿರುದ್ಧ. ಬೆಲೆ ಏರಿತ್ತು, ಸಾವಿರಾರು ಜನ ಕಾಣೆಯಾಗಿದ್ದರು, ಪೊಲೀಸರು ಹೊಡೆದು ಚದುರಿಸಿದರು. ಏಪ್ರಿಲ್ 2ರಂದು ಸೇನೆ ಬ್ರಿಟನ್ ಆಳುತ್ತಿದ್ದ ಫಾಕ್‌ಲೆಂಡ್ ದ್ವೀಪಗಳಿಗೆ ಇಳಿಯಿತು. ಅದೇ ಚೌಕದಲ್ಲಿ ಈಗ ಜೈಕಾರ. ಮಧ್ಯೆ ಮೂರೇ ದಿನ! ದಾಳಿಯ ತಯಾರಿ ಮೊದಲಿಂದಲೇ ನಡೆದಿತ್ತು, ಆ ಒಂದು ಮೆರವಣಿಗೆಗೆ ಹೆದರಿ ಹೊರಟಿದ್ದಲ್ಲ, ಆದರೆ ಒಳಗಿನ ಸಿಟ್ಟನ್ನು ಹೊರಗೆ ತಿರುಗಿಸುವ ಆಸೆ ಅದರಲ್ಲಿ ಇದ್ದೇ ಇತ್ತು. ಜೂನ್ 14ಕ್ಕೆ ಶರಣಾದರು, ಕೆಲವೇ ದಿನದಲ್ಲಿ ಸೇನಾ ಸರ್ಕಾರದ ಮುಖ್ಯಸ್ಥ ಜನರಲ್ ಗಾಲ್ಟಿಯೆರಿ ಕುರ್ಚಿ ಬಿಟ್ಟ. ಅಷ್ಟರಲ್ಲಿ ಅರ್ಜೆಂಟೀನಾದ 649 ಜನ, ಬ್ರಿಟನ್ನಿನ 255 ಸೈನಿಕರು ಸತ್ತಿದ್ದರು. ಹಾಗಾಗಿ, ಇದೆಲ್ಲ ಬರೀ ಗಮನ ತಿರುಗಿಸುವ ನಾಟಕ, ತಲೆ ಕೆಡಿಸಿಕೊಳ್ಳಬೇಡಿ ಅಂತ ಯಾರಾದರೂ ಜಾಣತನದಿಂದ ಬರೆದರೆ ನನಗೆ ಮೈ ಉರಿಯುತ್ತೆ. ನಾಯಕನಿಗೆ ಅದು ನಾಟಕ ಇರಬಹುದು. ಅದರಲ್ಲಿ ಏಟು ತಿನ್ನುವವರಿಗೆ ಏಟು ನಿಜ.

ಇದನ್ನು ಯಾಕೆ ಎಳೆದೆ ಅಂದರೆ, ನೀನು ಕೇಳೇ ಕೇಳುತ್ತೀಯ: ಹಾಗಾದರೆ ಕೆಟ್ಟ ಮಾತಿನ ಬಗ್ಗೆ ಬರೆಯಲೇಬಾರದಾ ಅಂತ. ಬರಿ. ಯಾರಿಗೆ ನೋವಾಯಿತೋ ಅವರ ಬಗ್ಗೆ ಬರಿ. ಒಂದು ಸಮುದಾಯವನ್ನು ಹೀಯಾಳಿಸಿದ್ದರೆ ಅಲ್ಲಿಗೆ ಹೋಗು, ಅವರು ಹೇಳುವುದನ್ನು ಕೇಳಿ ಬರಿ, ನಾಯಕನ ಹೆಸರು ಒಂದು ಸಲ ಬಂದರೆ ಸಾಕು. ಮತ್ತೆ ಮಾರನೇ ದಿನ ಹಣದ ಪ್ರಶ್ನೆಗೆ ವಾಪಸ್ ಬಾ. ಆದರೆ ಆ ಮಾತಿನಿಂದ ನೊಂದವರು ಯಾರೂ ಇಲ್ಲ, ಬರೀ ನಮ್ಮಂಥವರ ಅಭಿರುಚಿಗೆ ಪೆಟ್ಟು ಬಿತ್ತು ಅಷ್ಟೇ ಅಂದರೆ, ಸುಮ್ನೆ ಬಿಡು. ನೀನು ಬರೆದದ್ದು ಈ ಎರಡನೇ ಜಾತಿಯದು.

ನನ್ನ ಕಥೆ ಕೇಳು. ತುಂಬಾ ವರ್ಷದ ಹಿಂದೆ ಒಬ್ಬ ನಾಯಕರ ಟೆಂಡರ್ ವ್ಯವಹಾರದ ಬಗ್ಗೆ ನಾನು ಎರಡು ಅಂಕಣ ಬರೆದಿದ್ದೆ. ಮೂರನೆಯದಕ್ಕೆ ಕಾಗದ ಪತ್ರ ಜೋಡಿಸುತ್ತಿದ್ದೆ. ಆಗ ಅವರು ಒಂದು ಸಭೆಯಲ್ಲಿ, ಈ ಸಾಹಿತಿಗಳು ಬಿಟ್ಟಿ ಊಟದವರು ಅಂದರು. ಉರಿದುಹೋದೆ. ನಾಲ್ಕು ವಾರ ಅದೇ. ಎಂಥ ಚಪ್ಪಾಳೆ ಅಂತೀಯ! ಎಲ್ಲಿ ಹೋದರೂ ಬೆನ್ನು ತಟ್ಟಿದರು. ಐದನೇ ವಾರ ಓದುಗರೊಬ್ಬರ ಕಾರ್ಡು ಬಂತು, ಅದರಲ್ಲಿ ಇದ್ದದ್ದು ಒಂದೇ ಸಾಲು: ಸ್ವಾಮಿ, ಆ ಟೆಂಡರ್ ಏನಾಯ್ತು? ಆ ಹೊತ್ತಿಗೆ ಬಿಲ್ ಪಾಸಾಗಿತ್ತು, ನನಗೆ ಮಾಹಿತಿ ಕೊಡುತ್ತಿದ್ದವರಿಗೆ ವರ್ಗ ಆಗಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಲು ಹೋದೆ. ಆ ಕಾರ್ಡು ಇನ್ನೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ.

ಅವತ್ತಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಗಡೆ ಪ್ರಶ್ನೆ, ಯಾರು ಯಾವತ್ತು ಕೇಳಿದರು ಅಂತ. ಬಲಗಡೆ ಉತ್ತರಕ್ಕೆ ಜಾಗ. ಏನಾದರೂ ದೊಡ್ಡ ಗದ್ದಲ ಎದ್ದರೆ ಮೊದಲು ಅದನ್ನು ತೆಗೆದು ನೋಡುತ್ತೇನೆ, ನಿನ್ನೆ ಮೊನ್ನೆ ಯಾವ ಪ್ರಶ್ನೆ ಬಿಸಿಯಾಗಿತ್ತು ಅಂತ. ಬಲಗಡೆ ಖಾಲಿ ಜಾಗ ಜಾಸ್ತಿ ಅನ್ನುವುದು ಬೇರೆ ಮಾತು. ಉತ್ತರದ ಬದಲು, ಈ ದಾಖಲೆ ನಿಮಗೆ ಸಿಕ್ಕಿದ್ದು ಹೇಗೆ, ಕೊಟ್ಟವರು ಯಾರು ಅಂತ ಎದುರು ಪ್ರಶ್ನೆ ಬಂದರೆ ಅದನ್ನೂ ಅಲ್ಲಿ ಬರೆದುಕೊಳ್ಳುತ್ತೇನೆ. ದಾಖಲೆ ಸುಳ್ಳು ಅಂತ ಹೇಳಲಿಲ್ಲ ಅನ್ನುವುದು ಗಮನದಲ್ಲಿರಲಿ ಅಂತ.

ಒಂದು ಕಡೆ ಮಾತ್ರ ಕೈ ಬಿಗಿ ಹಿಡಿ. ಇದು ಬೇಕಂತಲೇ ಮಾಡಿದ್ದು ಅಂತ ಬರೆಯುವ ಚಪಲ ಬರುತ್ತಲ್ಲ, ಅಲ್ಲಿ. 1998ರ ಆಗಸ್ಟ್ 17ರಂದು ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಟಿವಿಯಲ್ಲಿ ಬಂದು, ಶ್ವೇತಭವನದಲ್ಲಿ ಕೆಲಸಕ್ಕಿದ್ದ ಲೆವಿನ್‌ಸ್ಕಿ ಜೊತೆಗಿನ ಸಂಬಂಧದ ವಿಷಯದಲ್ಲಿ ಜನರಿಗೆ ತಪ್ಪು ಕಲ್ಪನೆ ಕೊಟ್ಟಿದ್ದೆ ಅಂತ ಒಪ್ಪಿಕೊಂಡರು. ಮೂರು ದಿನಕ್ಕೆ ಅಫ್ಘಾನಿಸ್ತಾನ ಮತ್ತು ಸುಡಾನ್ ಮೇಲೆ ಕ್ಷಿಪಣಿ ಬಿದ್ದವು. ಎಲ್ಲರೂ ಕಣ್ಣು ಮಿಟುಕಿಸಿದರು, ನಾನೂ. ಆದರೆ ಆಗಸ್ಟ್ 7ರಂದು ನೈರೋಬಿ ಮತ್ತು ದಾರ್ ಎಸ್ ಸಲಾಮ್‌ನಲ್ಲಿ ಅಮೆರಿಕದ ರಾಯಭಾರ ಕಚೇರಿಗಳ ಮೇಲೆ ಬಾಂಬ್ ದಾಳಿ ಆಗಿತ್ತು. ಆಮೇಲೆ 2001ರ ಸೆಪ್ಟೆಂಬರ್ 11ರ ದಾಳಿಯ ತನಿಖೆ ಮಾಡಿದ 9/11 ಆಯೋಗವೂ, ಭದ್ರತೆಯನ್ನು ಮಾತ್ರ ನೋಡಿ ಸಲಹೆ ಕೊಟ್ಟೆವು ಅನ್ನುವ ಸಲಹೆಗಾರರ ಮಾತನ್ನು ಅನುಮಾನಿಸಲು ಕಾರಣ ಕಾಣಲಿಲ್ಲ ಅಂತ ಬರೆಯಿತು. ಮನಸ್ಸಿನೊಳಗೆ ಏನಿತ್ತು ಅನ್ನುವುದು ನಮ್ಮ ಕೈಗೆ ಸಿಗಲ್ಲ. 2020ರಲ್ಲಿ ಸಂಶೋಧಕರು ಟ್ರಂಪ್ ಟ್ವೀಟ್‌ಗಳನ್ನು ಲೆಕ್ಕ ಹಾಕಿದ್ದರು. 2016ರ ಚುನಾವಣೆಯಲ್ಲಿ ರಷ್ಯಾದ ಕೈವಾಡದ ಬಗ್ಗೆ ನಡೆದ ಮುಲ್ಲರ್ ತನಿಖೆಯ ಸುದ್ದಿ ಏರಿದಾಗ ಉದ್ಯೋಗ, ಚೀನಾ, ವಲಸೆ ಬಗ್ಗೆ ಟ್ವೀಟ್ ಜಾಸ್ತಿ ಆಗುತ್ತಿತ್ತು, ಅದರ ಬೆನ್ನಿಗೇ ತನಿಖೆಯ ಸುದ್ದಿ ಇಳಿಯುತ್ತಿತ್ತು. ಬೇಕಂತಲೇ ಮಾಡಿದರು ಅಂತ ಅವರೂ ತೀರ್ಪು ಕೊಡಲಿಲ್ಲ. ನೀನೂ ಎರಡು ತಾರೀಖು ಪಕ್ಕಪಕ್ಕ ಇಡು, ಸಾಕು. ಓದುವವರು ದಡ್ಡರಲ್ಲ.

ತಾಳ್ಮೆ ಬೇಕು, ಅದೇ ಕಷ್ಟ. 1972ರ ಜೂನ್ 17ರಂದು ವಾಟರ್‌ಗೇಟ್ ಕಟ್ಟಡದಲ್ಲಿದ್ದ ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ಐದು ಜನ ಸಿಕ್ಕಿಬಿದ್ದಾಗ ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ವಕ್ತಾರರು ಅದನ್ನು ಮೂರನೇ ದರ್ಜೆಯ ಕಳ್ಳತನದ ಯತ್ನ ಅಂದಿದ್ದರು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ವರದಿಗಾರರಾದ ವುಡ್‌ವರ್ಡ್ ಮತ್ತು ಬರ್ನ್‌ಸ್ಟೈನ್ ಒಂದು ಚೆಕ್ ಹಿಂದೆ ಹೋದರು. 25,000 ಡಾಲರ್‌ನ ಚೆಕ್, ನಿಕ್ಸನ್ ಚುನಾವಣಾ ನಿಧಿಗೆ ಬಂದದ್ದು, ಕಳ್ಳರಲ್ಲೊಬ್ಬನ ಖಾತೆಯಲ್ಲಿ ಕೂತಿತ್ತು. ಅದನ್ನು ಬರೆದ ಮೇಲೂ ನವೆಂಬರ್‌ನಲ್ಲಿ ನಿಕ್ಸನ್ 49 ರಾಜ್ಯ ಗೆದ್ದರು. ಆ ರಾತ್ರಿ ಆ ಇಬ್ಬರಿಗೆ ಹೇಗಾಗಿರಬೇಕು ಯೋಚಿಸು. ರಾಜೀನಾಮೆ ಬಂದದ್ದು 1974ರ ಆಗಸ್ಟ್‌ನಲ್ಲಿ.

ನಿನ್ನ ಲೇಖನ ವಾಪಸ್ ಕಳಿಸಿದ್ದೇನೆ, ಮತ್ತೆ ಬರಿ. ಆ ಹಣದ ಪ್ರಶ್ನೆಯನ್ನು ಕೇಳಿದವರ ಮಾತಿನಲ್ಲೇ ಮೊದಲ ಸಾಲಿನಲ್ಲಿ ಇಡು, ತಾರೀಖು ಸಮೇತ. ಒರಟು ಮಾತಿಗೆ ಎಲ್ಲೋ ಕೆಳಗೆ ಒಂದು ಸಾಲು ಕೊಡು, ಶೀರ್ಷಿಕೆಯಲ್ಲಿ ಮಾತ್ರ ಬೇಡ. ಎರಡನೇ ಪುಟದಲ್ಲಿ ಆ ಭಾಷಣವನ್ನು ಬಾಯಿ ಒಡೆದ ಪೈಪಿಗೆ ಹೋಲಿಸಿದ್ದೀಯಲ್ಲ, ಅದು ಚೆನ್ನಾಗಿದೆ, ಆದರೆ ಅದನ್ನೂ ತೆಗಿ. ಬೇರೆ ಎಲ್ಲಾದರೂ ಉಪಯೋಗಕ್ಕೆ ಬರುತ್ತೆ.