ಬಡಾವಣೆಗೆ ಮುನ್ನ ಮಣ್ಣಿನ ಪರೀಕ್ಷೆಯಾಗಲಿ

ಮಾನ್ಯರೇ,

ಹುಬ್ಬಳ್ಳಿ–ಧಾರವಾಡದಲ್ಲಿ ಬ್ಯಾಟರಿ, ಎಲೆಕ್ಟ್ರೋಪ್ಲೇಟಿಂಗ್ (ವಿದ್ಯುತ್ತಿನಿಂದ ಲೋಹಲೇಪನ) ಘಟಕಗಳಿದ್ದ ಜಾಗವನ್ನು ವಸತಿಗೆ ಪರಿವರ್ತಿಸುವ ಮುನ್ನ ಮಣ್ಣು ಹಾಗೂ ಅಂತರ್ಜಲದ ಪರೀಕ್ಷೆ ಕಡ್ಡಾಯವಾಗಬೇಕು. ಕಲುಷಿತ ಸ್ಥಳಗಳ ನಿರ್ವಹಣೆಗೆ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮ ಹೊರಡಿಸಿದೆ. ಶಂಕಿತ ಸ್ಥಳಗಳ ಪಟ್ಟಿ ಮಾಡುವ ಹೊಣೆ ಸ್ಥಳೀಯ ಸಂಸ್ಥೆ, ಜಿಲ್ಲಾಡಳಿತದ್ದು.

ಎಲ್ಲ ಕಡೆ ಮಣ್ಣನ್ನು ಅಗೆದು ಸಾಗಿಸಬೇಕಿಲ್ಲ. ವಿಷ ಯಾವುದು, ಯಾವ ದಾರಿಯಲ್ಲಿ ಯಾರನ್ನು ತಲುಪುತ್ತದೆ ಎಂಬುದೇ ಮುಖ್ಯ. ಬ್ಯಾಟರಿ ಘಟಕಗಳ ಸೀಸ ಬಹುಮಟ್ಟಿಗೆ ಮೇಲ್ಪದರದಲ್ಲೇ ಉಳಿಯುತ್ತದೆ. ಆಡುವ ಮಕ್ಕಳ ಕೈಯಿಂದ ಬಾಯಿಗೆ ಹೋಗುತ್ತದೆ. ಲೋಹಲೇಪನದಲ್ಲಿ ಬಳಸುವ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ವಿಷಕಾರಿ, ನೀರಿನಲ್ಲಿ ಕರಗುವ ರೂಪ) ಹಾಗಲ್ಲ. ಕ್ಷಾರಗುಣದ ಎರೆಮಣ್ಣು ಅದನ್ನು ಅಷ್ಟಾಗಿ ಹಿಡಿದಿಡದು. ಬೇಸಿಗೆಯಲ್ಲಿ ಬಿಟ್ಟ ಬಿರುಕುಗಳಲ್ಲಿ ಮೊದಲ ಮಳೆಯ ನೀರು ಅದನ್ನು ಆಳಕ್ಕೆ ಒಯ್ಯಬಲ್ಲದು. ಹೀಗಾಗಿ ಮೇಲಿನ ಹಿಡಿ ಮಣ್ಣು ತೆಗೆದು ‘ಸುರಕ್ಷಿತ’ ಎಂದು ಷರಾ ಬರೆಯುವುದು ಅಪಾಯಕಾರಿ. ಅದೇ ಜಾಗ ಗೋದಾಮಾದರೆ ಕಾಂಕ್ರೀಟ್ ಹೊದಿಕೆ ಸಾಕಾಗಬಹುದು, ಅಂಗನವಾಡಿಯಾದರೆ ಸಾಲದು.

ಮೇಲಿನ 15 ಸೆಂ.ಮೀ., ಒಂದು ಮೀಟರ್ ಹಾಗೂ ಅದಕ್ಕೂ ಆಳದ ಮಾದರಿಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಲಿ. ಸುತ್ತಲಿನ ಕೊಳವೆಬಾವಿಗಳ ನೀರನ್ನು ಮುಂಗಾರಿನ ಮೊದಲು ಮತ್ತು ನಂತರ ನೋಡಲಿ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿ.ಗ್ರಾಂ. ಮೀರಬಾರದು. ಈ ವರದಿ ಇಲ್ಲದೆ ವಿನ್ಯಾಸ ನಕ್ಷೆಗೆ ಮಂಜೂರಾತಿ ಕೊಡಬಾರದು. ನಿವೇಶನ ಕೊಳ್ಳುವವರಿಗೂ ಅದರ ಪ್ರತಿ ಸಿಗಲಿ.

– ಓದುಗ, ಹುಬ್ಬಳ್ಳಿ