ಸೊನ್ನೆಯಿಂದ ಅಲ್ಲ, ಮೂರರಿಂದ

ಸಾನ್ ಜೋರ್ಜೊ ಅ ಕ್ರೆಮಾನೊ,
ನಾಪೊಲಿ, ಇಟಲಿ

ಪ್ರೀತಿಯ ಅಪ್ಪಾ, ಅವ್ವಾ,

ಇಬ್ಬರಿಗೂ ನಮಸ್ಕಾರ. ನಾನಿಲ್ಲಿ ಆರಾಮಾಗಿದ್ದೇನೆ. ಶೇಂಗಾ ಚಟ್ನಿ ಡಬ್ಬಿಯ ತಳ ಕಾಣುತ್ತಿದೆ, ಅಷ್ಟು ಬಿಟ್ಟರೆ ಕೊರತೆ ಏನೂ ಇಲ್ಲ. ಫೋನಿನಲ್ಲಿ ಮಾತು ಯಾವಾಗಲೂ ಅರ್ಧಕ್ಕೇ ನಿಲ್ಲುತ್ತೆ. ಈ ವಿಷಯ ಅರ್ಧಕ್ಕೆ ನಿಲ್ಲಬಾರದು ಅಂತ ಕೂತು ಬರೆಯುತ್ತಿದ್ದೇನೆ.

ಅಪ್ಪಾ, ನಾನು ಹೊರಟ ದಿನ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ನೀವು ಒಂದು ಮಾತು ಹೇಳಿದ್ದಿರಿ. "ಅಲ್ಲಿ ಹೋಗಿ ಎಲ್ಲಾ ಸೊನ್ನಿಯಿಂದ ಶುರು ಮಾಡಬೇಕಲ್ಲವಾ" ಅಂತ. ಇಲ್ಲಿಗೆ ಬಂದ ಮೇಲೂ ಆ ಮಾತು ನನ್ನ ಜೊತೆಗೇ ಇತ್ತು. ಭಾಷೆ ಬಾರದೆ ಅಂಗಡಿಯಲ್ಲಿ ಬೆರಳು ತೋರಿಸಿ ಸಾಮಾನು ತರುವಾಗ ನೀವು ಹೇಳಿದ್ದೇ ಸರಿ ಅನ್ನಿಸುತ್ತಿತ್ತು. ಹೋದ ತಿಂಗಳು ನನ್ನ ಮನೆ ಮಾಲಕಿ, ಎಪ್ಪತ್ತು ದಾಟಿದ ಅಜ್ಜಿ, ಒಂದು ಹಳೇ ಸಿನಿಮಾ ಹಾಕಿ ತೋರಿಸಿದರು. ಅದರ ಹೆಸರೇ 'ರಿಕೊಮಿಂಚೊ ದ ತ್ರೆ'. ಮೂರರಿಂದ ಮತ್ತೆ ಶುರು ಮಾಡ್ತೀನಿ ಅಂತ ಅರ್ಥ. ಊರು ಬಿಟ್ಟು ಹೊರಟ ಹುಡುಗನಿಗೆ ಗೆಳೆಯ ಹೇಳುತ್ತಾನೆ, ಹೊಸದಾಗಿ ಶುರು ಮಾಡೋದು ಅಂದರೆ ಸೊನ್ನೆಯಿಂದ ತಾನೇ ಅಂತ. ಹುಡುಗ ಒಪ್ಪುವುದಿಲ್ಲ. ಬದುಕಿನಲ್ಲಿ ಮೂರು ಕೆಲಸ ನನ್ನ ಕೈಯಲ್ಲಿ ಚೆನ್ನಾಗಿ ಆಗಿವೆ, ಅವನ್ನೂ ಯಾಕೆ ಕಳೆದುಕೊಳ್ಳಲಿ, ನಾನು ಮೂರರಿಂದಲೇ ಶುರು ಮಾಡ್ತೀನಿ ಅನ್ನುತ್ತಾನೆ. ನನಗೆ ಕಣ್ಣು ತುಂಬಿ ಬಂತು. ಅಜ್ಜಿ ಏನೂ ಕೇಳದೆ ಕಾಫಿ ಮಾಡಿ ತಂದುಕೊಟ್ಟರು.

ಆ ಹುಡುಗನ ಪಾತ್ರ ಮಾಡಿದವನೂ, ಸಿನಿಮಾ ನಿರ್ದೇಶಿಸಿದವನೂ ಒಬ್ಬನೇ. ಮಾಸ್ಸಿಮೊ ತ್ರೊಯ್ಸಿ. ನಾನು ಬಾಡಿಗೆಗಿರುವ ಇದೇ ಊರಿನಲ್ಲಿ 1953ರಲ್ಲಿ ಹುಟ್ಟಿದವನು. ಇನ್ನೊಂದು ವಿಷಯ ಕೇಳಿದರೆ ನಿಮಗೆ ಖುಷಿ ಆಗುತ್ತೆ. ಅವನ ಅಪ್ಪ ರೈಲ್ವೆಯಲ್ಲಿ ಡ್ರೈವರ್! ಆರು ಜನ ಮಕ್ಕಳು, ಅಜ್ಜ-ಅಜ್ಜಿ, ಚಿಕ್ಕಪ್ಪ-ಚಿಕ್ಕಮ್ಮ, ಅವರ ಮಕ್ಕಳು ಅಂತ ತುಂಬಿದ ಮನೆ. ನಾನು ಹುಟ್ಟಿದ್ದು ಹದಿನೇಳು ಜನರ ಮನೆಯಲ್ಲಿ, ಸುತ್ತ ಹದಿನೈದು ಜನಕ್ಕಿಂತ ಕಡಿಮೆ ಇದ್ದರೆ ಒಂಟಿ ಅನ್ನಿಸುತ್ತೆ ಅಂತ ಅವನು ಹೇಳುತ್ತಿದ್ದನಂತೆ. ನಮ್ಮ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೇಸಿಗೆ ರಜೆಗೆ ಎಲ್ಲರೂ ಬಂದು ಸೇರುತ್ತಿದ್ದದ್ದು ನೆನಪಾಯಿತು. ಹಾಲ್‌ನಲ್ಲಿ ಸಾಲಾಗಿ ಹಾಸಿಗೆ ಹಾಸಿ ಮಲಗುತ್ತಿದ್ದೆವಲ್ಲ.

ಚಿಕ್ಕವನಿದ್ದಾಗ ಅವನಿಗೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಹಾಳಾಯಿತು. 1976ರಲ್ಲಿ, ಇಪ್ಪತ್ತಮೂರನೇ ವಯಸ್ಸಿಗೆ, ಅಮೆರಿಕದ ಹ್ಯೂಸ್ಟನ್‌ಗೆ ಹೋಗಿ ಆಪರೇಷನ್ ಮಾಡಿಸಿಕೊಂಡ. ಅವ್ವಾ, ಇಲ್ಲಿ ನಿನಗೊಂದು ಮಾತು. ಪುಟ್ಟನಿಗೆ ಪದೇ ಪದೇ ಗಂಟಲು ನೋವು ಬರುತ್ತೆ ಅಂದಿದ್ದೆಯಲ್ಲ, ಸುಮ್ನೆ ಕಷಾಯ ಕುಡಿಸಿ ಬಿಡಬೇಡ. ಡಾಕ್ಟರಿಗೆ ತೋರಿಸಿ, ಕೊಟ್ಟ ಮಾತ್ರೆ ಪೂರ್ತಿ ಮುಗಿಸಲಿ. ಈ ಜ್ವರ ಶುರುವಾಗುವುದೇ ಅಂಥ ಗಂಟಲು ನೋವಿನಿಂದ.

ತ್ರೊಯ್ಸಿ ಮೊದಲು ಹೆಸರು ಮಾಡಿದ್ದು ನಾಟಕದಲ್ಲಿ. ಲೆಲ್ಲೊ ಅರೆನಾ, ಎನ್ಝೊ ದೆಕಾರೊ ಎಂಬ ಇಬ್ಬರು ಗೆಳೆಯರ ಜೊತೆ 'ಲಾ ಸ್ಮೋರ್ಫಿಯ' ಅಂತ ತಂಡ ಕಟ್ಟಿದ. ಕನಸಿನಲ್ಲಿ ಕಂಡದ್ದಕ್ಕೆಲ್ಲ ಒಂದೊಂದು ಲಾಟರಿ ನಂಬರ್ ಹೇಳುವ ಪುಸ್ತಕಕ್ಕೆ ಇಲ್ಲಿಯ ಜನ ಸ್ಮೋರ್ಫಿಯ ಅನ್ನುತ್ತಾರೆ. 1977ರಲ್ಲಿ ಟಿವಿಯಲ್ಲಿ ಬಂದ ಮೇಲೆ ಇಡೀ ದೇಶಕ್ಕೆ ಇವರ ಪರಿಚಯವಾಯಿತು. ಒಂದು ಪ್ರಹಸನದಲ್ಲಿ ದೇವದೂತ, ಮೇರಿಗೆ ಹೇಳಬೇಕಾದ ಯೇಸು ಹುಟ್ಟುವ ಶುಭಸುದ್ದಿ ಹೊತ್ತು, ಜೋರಾಗಿ ಕೂಗುತ್ತಾ ತಪ್ಪು ಮನೆಗೆ ನುಗ್ಗುತ್ತಾನೆ. ಮನೆಯಲ್ಲಿ ಇರುವುದು ಬಡ ಮೀನುಗಾರನ ಹೆಂಡತಿ. ಆ ಹೆಂಡತಿಯ ವೇಷ ತ್ರೊಯ್ಸಿಯದು. ಅಜ್ಜಿ ಈಗಲೂ ಆ ಮಾತುಗಳನ್ನು ಒಂದೂ ಬಿಡದೆ ಹೇಳುತ್ತಾರೆ.

'ಮೂರರಿಂದ' ಸಿನಿಮಾ ಬಂದದ್ದು 1981ರ ಮಾರ್ಚಿನಲ್ಲಿ. ಅದಕ್ಕೆ ನಾಲ್ಕೇ ತಿಂಗಳ ಹಿಂದೆ, 1980ರ ನವೆಂಬರ್ 23ಕ್ಕೆ, ಈ ಭಾಗದಲ್ಲಿ ದೊಡ್ಡ ಭೂಕಂಪವಾಗಿ ಸುಮಾರು ಮೂರು ಸಾವಿರ ಜನ ಸತ್ತಿದ್ದರು. ಅಂಥ ಹೊತ್ತಿನಲ್ಲಿ ಬಂದ ನಗು ಅದು. ಕಥೆ ಸರಳ. ಗಾಯೆತಾನೊ ಅನ್ನುವ ಹುಡುಗ ನಾಪೊಲಿ ಬಿಟ್ಟು ಫ್ಲಾರೆನ್ಸ್‌ಗೆ ಹೋಗುತ್ತಾನೆ. ಸಿಕ್ಕವರೆಲ್ಲ ಕೇಳುವುದು ಒಂದೇ, ಕೆಲಸ ಹುಡುಕಿಕೊಂಡು ವಲಸೆ ಬಂದೆಯಾ? ಇಲ್ಲಪ್ಪಾ, ಸುಮ್ನೆ ಊರು ನೋಡಲು ಬಂದೆ ಅಂದರೆ ಯಾರೂ ನಂಬುವುದಿಲ್ಲ. ನಾಪೊಲಿಯವನು ಪ್ರವಾಸ ಮಾಡಬಾರದಾ, ವಲಸೆ ಮಾತ್ರ ಹೋಗಬೇಕಾ ಅಂತ ಅವನು ಕೇಳುವಾಗ ನಗು ಬರುತ್ತೆ, ಎದೆಗೂ ನಾಟುತ್ತೆ. ಅದೇ ಪ್ರಶ್ನೆ ನನ್ನನ್ನೂ ಇಲ್ಲಿ ಎಷ್ಟು ಜನ ಕೇಳಿದ್ದಾರೆ!

ಕೊನೆಯ ದೃಶ್ಯ ಅವ್ವನಿಗಾಗಿ. ಹುಟ್ಟಲಿರುವ ಮಗುವಿಗೆ ಹೆಸರು ಹುಡುಕುತ್ತಾರೆ. ಗಾಯೆತಾನೊನ ಹುಡುಗಿಗೆ ಮಾಸ್ಸಿಮಿಲಿಯಾನೊ ಅಂತ ಇಡಬೇಕು. ಬೇಡ, ಅಷ್ಟುದ್ದ ಹೆಸರು ಕರೆದು ಮುಗಿಸುವಷ್ಟರಲ್ಲಿ ಮಗು ಓಡಿ ಹೋಗಿರುತ್ತೆ, ಊಗೊ ಅಂತ ಇಟ್ಟರೆ ಕರೆದ ಕೂಡಲೇ ನಿಲ್ಲುತ್ತೆ, ಒಳ್ಳೆ ನಡತೆ ಕಲಿಯುತ್ತೆ ಅಂತ ಅವನ ವಾದ. ಮಲ್ಲಿಕಾರ್ಜುನನನ್ನು ನೀನು "ಮಲ್ಲ್ಯಾ" ಅಂತ ಕರೆಯುವುದು ಇದಕ್ಕೇ ಅಲ್ವಾ?

ಆ ಸಿನಿಮಾಗೆ ಆ ವರ್ಷ ದಾವಿದ್ ದಿ ದೊನತೆಲ್ಲೊ ಪ್ರಶಸ್ತಿ ಬಂತು, ಅತ್ಯುತ್ತಮ ಚಿತ್ರ ಅಂತಲೂ, ಅತ್ಯುತ್ತಮ ನಟ ಅಂತಲೂ. ಇಟಲಿಯಲ್ಲಿ ಅದು ನಮ್ಮ ರಾಷ್ಟ್ರಪ್ರಶಸ್ತಿ ಇದ್ದ ಹಾಗೆ. ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಂಡದ್ದು ಅವನ ಮಾತು. ಅವನು ನಾಪೊಲಿಯ ಆಡುಮಾತನ್ನು ಬಿಡಲೇ ಇಲ್ಲ. ಅರ್ಧ ವಾಕ್ಯ, ತಡವರಿಕೆ, ಉಳಿದದ್ದು ಕೈಯಲ್ಲಿ. ಉತ್ತರ ಇಟಲಿಯವರಿಗೆ ಎಷ್ಟೋ ಪದ ತಿಳಿಯುತ್ತಿರಲಿಲ್ಲ, ಆದರೂ ಟಿಕೆಟ್ ತೆಗೆದುಕೊಂಡು ಬಂದರು. ಅಪ್ಪಾ, ನಿಮಗೆ ಹೇಳಿರಲಿಲ್ಲ. ಬೆಂಗಳೂರಿನಲ್ಲಿ ಓದುವಾಗ ಹಾಸ್ಟೆಲಿನಲ್ಲಿ ನನ್ನ ಮಾತು ಕೇಳಿ ನಕ್ಕರು ಅಂತ ನಾನು "ರೀ" ಅನ್ನುವುದನ್ನೇ ಬಿಟ್ಟಿದ್ದೆ. "ಏನ್ ಮಾಡಾಕತ್ತೀರಿ" ಅನ್ನುವುದು ನಿಮ್ಮ ಜೊತೆ ಫೋನಿನಲ್ಲಿ ಮಾತ್ರ, ಅದೂ ಹೊರಗೆ ಹೋಗಿ. ಈ ಮನುಷ್ಯನನ್ನು ನೋಡಿದ ಮೇಲೆ ಅದು ನೆನಪಾಗಿ ಬಹಳ ನೋವಾಯಿತು. ಮನೆಯ ಮಾತನ್ನು ನಾನೇ ಕೈಯಾರೆ ಸೊನ್ನೆ ಮಾಡಿಕೊಂಡಿದ್ದೆ.

1984ರಲ್ಲಿ ರೊಬೆರ್ತೊ ಬೆನಿನ್ಯಿ ಅನ್ನುವ ಇನ್ನೊಬ್ಬ ನಟನ ಜೊತೆ ಸೇರಿ ಮಾಡಿದ 'ನೋನ್ ಚಿ ರೆಸ್ತ ಕೆ ಪಿಯಾಂಜೆರೆ', ಅಂದರೆ ಇನ್ನು ಅಳುವುದೊಂದೇ ಬಾಕಿ, ನೀವು ನೋಡಲೇಬೇಕು. ಒಬ್ಬ ಮೇಷ್ಟ್ರು, ಒಬ್ಬ ಶಾಲೆಯ ಜವಾನ, ಇಬ್ಬರೂ ದಾರಿ ತಪ್ಪಿ ಹೇಗೋ 1492ನೇ ಇಸವಿಗೆ ಹೋಗಿ ಬೀಳುತ್ತಾರೆ. ಅಲ್ಲಿ ಲಿಯೊನಾರ್ಡೊ ಡ ವಿಂಚಿ ಸಿಗುತ್ತಾನೆ. ಅವನಿಗೆ ರೈಲು ಅಂದರೆ ಏನು ಅಂತ ಹೇಳಿಕೊಡಲು ನೋಡುತ್ತಾರೆ. ಕೊನೆಗೆ ದೂರದಲ್ಲಿ ಹೊಗೆ ಕಾಣುತ್ತೆ, ರೈಲು! ನಮ್ಮ ಕಾಲಕ್ಕೆ ವಾಪಸ್ ಬಂದೆವು ಅಂತ ಓಡುತ್ತಾರೆ. ನೋಡಿದರೆ ಇಂಜಿನ್ ಮೇಲೆ ಲಿಯೊನಾರ್ಡೊನೇ ನಿಂತಿದ್ದಾನೆ. ಅದೇ ಸಿನಿಮಾದಲ್ಲಿ ಒಬ್ಬ ಸನ್ಯಾಸಿ ತ್ರೊಯ್ಸಿಗೆ, ನೀನು ಸಾಯುತ್ತೀಯ, ನೆನಪಿಟ್ಟುಕೋ ಅಂತ ಕೂಗುತ್ತಾನೆ. ಆಯ್ತು ಆಯ್ತು, ಈಗಲೇ ಬರೆದಿಟ್ಟುಕೊಳ್ತೀನಿ ಅನ್ನುತ್ತಾನೆ ಇವನು. ಹೃದಯದ ಆಪರೇಷನ್ ಆದವನ ಬಾಯಲ್ಲಿ ಆ ಮಾತು.

1987ರ ಇನ್ನೊಂದು ಸಿನಿಮಾ ಮುಸೊಲಿನಿ ಕಾಲದ್ದು. ಅವನು ಬಂದ ಮೇಲೆ ರೈಲುಗಳು ಸರಿಯಾದ ಟೈಮಿಗೆ ಬರುತ್ತವೆ ಅಂತ ಜನ ಹೊಗಳುತ್ತಿದ್ದರಲ್ಲ. ಅದಕ್ಕೆ ತ್ರೊಯ್ಸಿ ಹೇಳುತ್ತಾನೆ: ರೈಲು ಟೈಮಿಗೆ ಬರಬೇಕು ಅಂದರೆ ಅವನನ್ನು ಪ್ರಧಾನಿ ಮಾಡುವ ಅಗತ್ಯ ಇರಲಿಲ್ಲ, ಸ್ಟೇಷನ್ ಮಾಸ್ಟರ್ ಮಾಡಿದ್ದರೆ ಸಾಕಿತ್ತು. ರೈಲ್ವೆ ಮನೆಯ ಮಗನಿಗೇ ಹೊಳೆಯುವ ಮಾತು ಇದು. ನಿಮ್ಮ ರಿಟೈರ್ಡ್ ಗೆಳೆಯರಿಗೆಲ್ಲ ಹೇಳಿ.

ಕೊನೆಯ ಸಿನಿಮಾ 'ಇಲ್ ಪೋಸ್ತೀನೊ', ಅಂದರೆ ಅಂಚೆಯಣ್ಣ. ಇದರ ನಿರ್ದೇಶಕ ಮೈಕಲ್ ರ್ಯಾಡ್‌ಫರ್ಡ್, ತ್ರೊಯ್ಸಿ ನಟ ಮತ್ತು ಚಿತ್ರಕಥೆ ಬರೆದವರಲ್ಲಿ ಒಬ್ಬ. ಕವಿ ಪಾಬ್ಲೊ ನೆರೂಡನಿಗೆ ಕಾಗದ ಮುಟ್ಟಿಸುವ ದ್ವೀಪದ ಹುಡುಗನ ಪಾತ್ರ. ಆಗ ಅವನ ಹೃದಯ ಎಷ್ಟು ಸೋತಿತ್ತು ಅಂದರೆ ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಕ್ಯಾಮೆರಾ ಮುಂದೆ ನಿಲ್ಲುತ್ತಿದ್ದ. ಸೈಕಲ್ ತುಳಿಯುವ ದೂರದ ದೃಶ್ಯಗಳಲ್ಲಿ ಅವನಂತೆಯೇ ಕಾಣುವ ಬೇರೆಯವರು ಇದ್ದಾರೆ. ಶೂಟಿಂಗ್ ಮುಗಿದ ಮರುದಿನ, 1994ರ ಜೂನ್ 4ರಂದು, ರೋಮ್ ಹತ್ತಿರದ ಒಸ್ತಿಯದಲ್ಲಿ ತನ್ನ ಅಕ್ಕನ ಮನೆಯಲ್ಲಿ ಮಲಗಿದ್ದಾಗ ತೀರಿಕೊಂಡ. ವಯಸ್ಸು 41. ಸತ್ತ ಮೇಲೆ ಆಸ್ಕರ್‌ಗೆ ನಟನೆಗೂ ಚಿತ್ರಕಥೆಗೂ ಅವನ ಹೆಸರು ಹೋಯಿತು. ಪ್ರಶಸ್ತಿ ಬಂದದ್ದು ಆ ಸಿನಿಮಾದ ಸಂಗೀತಕ್ಕೆ.

ಹೋದ ಭಾನುವಾರ ಹಡಗು ಹತ್ತಿ ಪ್ರೊಚಿದ ದ್ವೀಪಕ್ಕೆ ಹೋಗಿದ್ದೆ. ಶೂಟಿಂಗ್ ಒಂದಷ್ಟು ಅಲ್ಲಿಯೇ ಆದದ್ದು. ಹಳದಿ, ಗುಲಾಬಿ ಬಣ್ಣದ ಮನೆಗಳ ಕೆಳಗೆ ಮೀನಿನ ಬಲೆ ಒಣಗಲು ಹಾಕಿದ್ದರು. ಬಹಳ ಹೊತ್ತು ಅಲ್ಲೇ ಕೂತಿದ್ದೆ. ಅಪ್ಪಾ, ಶಂಕರ್ ನಾಗ್ ಹೋದ ಸುದ್ದಿ ಬಂದ ದಿನ ನೀವು ಊಟ ಮಾಡಲಿಲ್ಲ ಅಂತ ಅವ್ವ ಹೇಳುತ್ತಿದ್ದಳು. 1990ರಲ್ಲಿ ಅವರಿಗೆ ಬರೀ 35. ಅಜ್ಜಿ ತ್ರೊಯ್ಸಿ ಬಗ್ಗೆ ಮಾತಾಡುತ್ತಾ ನಡುವೆ ಸುಮ್ಮನಾಗಿಬಿಡುತ್ತಾರೆ. ಆಗ ನನಗೆ ನಿಮ್ಮ ಆ ದಿನ ಅರ್ಥವಾಗುತ್ತೆ.

ಸಿನಿಮಾಗಳನ್ನು ಪೆನ್‌ಡ್ರೈವಿಗೆ ಹಾಕಿ ದೀಪಾವಳಿಗೆ ನಾನೇ ತರುತ್ತೇನೆ. ಕೆಳಗೆ ಬರುವ ಅಕ್ಷರಗಳನ್ನು ನೀವು ಓದುವುದು ಬೇಡ. ಪಕ್ಕದಲ್ಲಿ ಕೂತು ನಮ್ಮ ಮಾತಿನಲ್ಲೇ ಹೇಳುತ್ತಾ ಹೋಗುತ್ತೇನೆ, ಜೋರಾಗಿಯೇ ಹೇಳುತ್ತೇನೆ. ಲಿಯೊನಾರ್ಡೊನ ಇಂಜಿನ್ ಬಂದಾಗ ಮಾತ್ರ ಅಲ್ಲೇ ನಿಲ್ಲಿಸೋಣ. ಅದು ನಿಜಕ್ಕೂ ಓಡುತ್ತಾ ಇಲ್ಲವಾ, ಬ್ರೇಕ್ ಎಲ್ಲಿದೆ ಅಂತ ನೀವು ನೋಡಿ ಹೇಳಬೇಕು.

ನಿಮ್ಮ ಮಗಳು